ಮೂರು ಸೊನ್ನೆ, ಮೂರು ಏಳು

ಮನೆ, ಹಿಂದಿನ ಕೋಣೆ
ಭಾನುವಾರ ಬೆಳಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನು ನೋವು ಹೇಗಿದೆ, ಅದನ್ನ ಮೊದಲು ಹೇಳು. ಅಮ್ಮನಿಗೆ ಹೋದ ಸಲ ಬರೆದ ಕಾಗದದಲ್ಲಿ ‘ಈಗ ಪರವಾಗಿಲ್ಲ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ನಿನ್ನ ಪರವಾಗಿಲ್ಲ ಎಂಥದ್ದು ಅಂತ ನನಗೆ ಗೊತ್ತಿಲ್ಲವಾ? ಸೈಕಲ್ಲಿಂದ ಬಿದ್ದು, ಮುಂದಿನ ಹಲ್ಲು ಕೈಯಲ್ಲಿ ಹಿಡಿದುಕೊಂಡು, ಬಾಯಿ ತುಂಬ ರಕ್ತ ಇಟ್ಟುಕೊಂಡೇ ‘ಪರವಾಗಿಲ್ಲ’ ಅಂದವನು ನೀನು. ಗೋದಾಮಿನಲ್ಲಿ ಇನ್ನೂ ಪೆಟ್ಟಿಗೆ ಎತ್ತೋ ಕೆಲಸಾನೇ ಕೊಡ್ತಿದ್ದಾರಾ? ನಿದ್ದೆ ಬರುತ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯಾ, ಇಲ್ಲ ಚಹಾ ಕುಡಿದೇ ದಿನ ತಳ್ತೀಯಾ? ಈ ಪ್ರಶ್ನೆಗಳಲ್ಲಿ ಅರ್ಧ ಅಮ್ಮನವು. ಹೊಲಿಗೆ ಮೆಷಿನ್ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿ ಬರೆಸಿದಳು. ಸೂಜಿ ತೆಗೆದು ಮಾತಾಡಮ್ಮಾ ಅಂದರೆ ಕೇಳೋದಿಲ್ಲ. ಅವಳ ಮಾತು ಅರ್ಧ ನನಗೆ ಅರ್ಥವಾಗಲೇ ಇಲ್ಲ, ಆ ಅರ್ಧವನ್ನ ನಾನೇ ಸೇರಿಸಿದ್ದೇನೆ.

ಅಪ್ಪನ ಸುದ್ದಿ ಬರೆಯಬೇಡ ಅಂತ ನೀನು ಹೇಳಿದ್ದೀಯ. ಇಷ್ಟು ದಿನ ಬರೆದಿಲ್ಲ. ಇವತ್ತು ಅವರನ್ನ ಬಿಟ್ಟು ಬರೆಯೋಕೆ ಆಗೋದಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ನಮ್ಮ ನಂಬರ್ ನೋಡಿದರೆ ನೀನು ಎತ್ತೋದೇ ಇಲ್ಲ. ಆದ್ದರಿಂದ ಒಂದು ಉಪಕಾರ ಮಾಡು. ಕೋಪ ಬಂದರೆ ಬರಲಿ, ಕಾಗದ ಹರಿಯಬೇಡ, ಕೊನೆಯವರೆಗೂ ಓದು.

ನಾನು ಬೋರ್ಡು ರಿಪೇರಿ ಅಂಗಡಿಗೆ ಸೇರಿದ ವಿಷಯ ಅಮ್ಮ ಬರೆದಿರಬೇಕು. ದೂರದಿಂದ ಕಾಣಿಸೋ ಹಾಗೆ ಅಂಕೆ ಉರಿಯೋ ದೊಡ್ಡ ಬೋರ್ಡುಗಳಿರುತ್ತವಲ್ಲ, ಆಟದ ಮೈದಾನದಲ್ಲಿ, ಆಸ್ಪತ್ರೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಅವುಗಳ ಕೆಲಸ. ಒಂದೊಂದು ಅಂಕೆಗೂ ಏಳು ಬೆಳಕಿನ ಪಟ್ಟಿ. ಮೇಲೊಂದು, ಕೆಳಗೊಂದು, ನಡುವೆ ಒಂದು, ಎಡಕ್ಕೆ ಎರಡು, ಬಲಕ್ಕೆ ಎರಡು. ಯಾವ ಪಟ್ಟಿ ಉರಿಯುತ್ತೆ ಅನ್ನೋದರ ಮೇಲೆ ಅಂಕೆ. ಆ ಪಟ್ಟಿಗಳಿಗೆ ಹಿಂದಿನಿಂದ ಕರೆಂಟು ಕೊಡೋದು ಟಿಫನ್ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ, ನಾವು ಅದಕ್ಕೆ ಸಪ್ಲೈ ಅಂತೀವಿ. ಹತ್ತು ಬೋರ್ಡು ಕೆಟ್ಟರೆ ಒಂಬತ್ತರಲ್ಲಿ ಕೆಟ್ಟಿರೋದು ಅದೇ. ಸೇರಿದ ಹೊಸದರಲ್ಲಿ ಒಂದು ಪೆಟ್ರೋಲ್ ಬಂಕಿಗೆ ಹೋಗಿದ್ದೆ. ಬೆಲೆಯಲ್ಲಿ ಒಂಬತ್ತಿನ ಬಲಗಡೆ ಮೇಲಿನ ಪಟ್ಟಿ ಆರಿಹೋಗಿ ಐದಾಗಿತ್ತು. ಪೆಟ್ರೋಲ್ ಇಳಿದುಬಿಟ್ಟಿದೆ ಅಂತ ರಸ್ತೆಯ ತುದಿಯವರೆಗೂ ಗಾಡಿಗಳು. ಬಂಕಿನವನು ನನ್ನನ್ನ ನೋಡಿದ್ದೇ, ದೇವರು ಪ್ರತ್ಯಕ್ಷವಾದ ಹಾಗೆ ಏಣಿ ಹಿಡಿದುಕೊಂಡು ಓಡಿಬಂದ. ನಾನು ಪಟ್ಟಿ ಸರಿಮಾಡಿ ಐದನ್ನ ಒಂಬತ್ತು ಮಾಡಿದಾಗ ಸಾಲಿನಲ್ಲಿದ್ದವರು ನನ್ನನ್ನ ನೋಡಿದ ರೀತಿ ಇದೆಯಲ್ಲ, ಪೆಟ್ರೋಲಿನ ಬೆಲೆ ಏರಿಸಿದವಳೇ ನಾನು ಅನ್ನೋ ಹಾಗೆ!

ಆವತ್ತು ನಕ್ಕೊಂಡು ಮನೆಗೆ ಬಂದೆ. ಈ ಗುರುವಾರ ನಗು ಬರಲಿಲ್ಲ.

ಬುಧವಾರ ಸಂಜೆ ಅಂಗಡಿಯ ಮಾಲೀಕರು ನನ್ನನ್ನ ಕರೆದು, ನದಿ ಸೇತುವೆಯ ಎರಡೂ ಬೋರ್ಡು ಆಗಾಗ ಮಿನುಗ್ತಿವೆಯಂತೆ, ಸಪ್ಲೈಗಳನ್ನೆಲ್ಲ ಬದಲಾಯಿಸಬೇಕಂತೆ ಅಂದರು. ಆಮೇಲೆ ಸ್ವಲ್ಪ ಹೊತ್ತು ಮೇಜಿನ ಮೇಲಿನ ತಂತಿ ಸುತ್ತುತ್ತಾ ಕೂತು, “ಬೇಕಾದ್ರೆ ಬೇರೆಯವರನ್ನ ಕಳಿಸ್ತೀನಿ ಕಣಮ್ಮ” ಅಂದರು. ನಮ್ಮ ಮನೆಯ ಕಥೆ ಗೊತ್ತಿಲ್ಲದವರು ಈ ಊರಲ್ಲಿ ಯಾರಿದ್ದಾರೆ? ನಾನೇ ಹೋಗ್ತೀನಿ ಸಾರ್ ಅಂದೆ.

ನಿನಗೆ ಗೊತ್ತಿರೋದನ್ನೇ ಮತ್ತೆ ಬರೀತಿದ್ದೇನೆ, ಬೇಸರ ಮಾಡ್ಕೋಬೇಡ. ಒಂದೊಂದಾಗಿ ಬರೆಯದಿದ್ದರೆ ನನಗೇ ತಲೆ ಗೊಂದಲವಾಗುತ್ತೆ. ಸಮುದ್ರದ ನೀರು ಏರಿದಾಗ ನದಿಯೂ ಏರುತ್ತೆ, ಸೇತುವೆಯ ಹೊಟ್ಟೆಗೂ ನೀರಿಗೂ ನಡುವಿನ ಜಾಗ ಕಡಿಮೆಯಾಗುತ್ತೆ. ಆ ಜಾಗ ಎಷ್ಟು ಮೀಟರ್ ಅಂತ ತೋರಿಸೋದೇ ಆ ಬೋರ್ಡುಗಳ ಕೆಲಸ. ನದಿಯ ತಿರುವಿನ ಕಡೆಗೆ ಒಂದು, ಅಪ್ಪ ಕೂತು ಸೇತುವೆ ಕಾಯೋ ಕ್ಯಾಬಿನ್ ಕಡೆಗೆ ಒಂದು. ಅಳತೆಯ ಯಂತ್ರ ಒಂದೇ, ಆದ್ದರಿಂದ ಎರಡೂ ಕಡೆ ಒಂದೇ ಅಂಕೆ ಇರಬೇಕು. ಎರಡು ವರ್ಷದ ಹಿಂದೆ, ಆವತ್ತು ಮಧ್ಯಾಹ್ನ, ನೀನು ತಿರುವಿನ ಕಡೆಯಿಂದ ಲಾಂಚು ತಂದೆ. ಬೋರ್ಡಿನಲ್ಲಿ 3.7 ಇತ್ತು ಅಂದೆ. ನಿನ್ನ ಲಾಂಚಿನ ಮಾಡು ಅದಕ್ಕಿಂತ ತಗ್ಗು, ಆದ್ದರಿಂದ ನುಗ್ಗಿಸಿದೆ. ಮಾಡಿನ ಕಬ್ಬಿಣ ಕಿತ್ತುಹೋಗಿ ಒಬ್ಬ ಹೆಂಗಸಿನ ಕಾಲು ಮುರಿಯಿತು, ಹಗ್ಗ ಹಿಡಿದು ನಿಂತಿದ್ದ ನಿನ್ನ ಸಹಾಯಕ, ಸದಾ ಬಿಸ್ಕತ್ತು ತಿನ್ನೋ ನಮ್ಮ ‘ಬಿಸ್ಕತ್ತು’, ಅವನ ಕೈ ಜಜ್ಜಿಹೋಯಿತು. ವಿಚಾರಣೆಯಲ್ಲಿ ಅಪ್ಪನನ್ನ ಕೇಳಿದರು. ಅಪ್ಪ ಕ್ಯಾಬಿನ್ ಕಿಟಕಿಯಿಂದ ಕಂಡದ್ದನ್ನ ಹೇಳಿದರು: 3.0, ಮೂರು ಸೊನ್ನೆ. ಮಾರನೇ ದಿನ ಬೆಳಗ್ಗೆ ಬೋರ್ಡು ಪರೀಕ್ಷೆ ಮಾಡಿದರೆ ಎಲ್ಲ ಅಂಕೆಯೂ ಸರಿಯಾಗೇ ಇತ್ತು. ನಿನ್ನ ಲೈಸೆನ್ಸ್ ಹೋಯಿತು. ನೀನು ಅಂಗಳದಲ್ಲಿ ನಿಂತು, “ಮಗನಿಗಿಂತ ನಿಮ್ಮ ಕಣ್ಣೇ ಹೆಚ್ಚಾಯ್ತಾ?” ಅಂದೆ. ಅಪ್ಪ, “ಕಂಡದ್ದನ್ನ ಹೇಳ್ದೆ” ಅಂದರು. ಅವತ್ತಿನಿಂದ ಈ ಮನೆಯಲ್ಲಿ ಯಾರೂ ಜೋರಾಗಿ ನಕ್ಕಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದೀರಿ ಅಂತ ಒಪ್ಪಿಕೊಳ್ಳೋಕೆ ಅಮ್ಮನಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ.

ಗುರುವಾರ ಬೆಳಗ್ಗೆ ಸೇತುವೆಗೆ ಹೋದೆ. ಅಲ್ಲಿಯ ನಿಯಮ ಒಂದಿದೆ. ಬೋರ್ಡಿನ ಹಿಂದೆ ಇಳಿದು ಕೆಲಸ ಮಾಡೋರ ಸೊಂಟದ ಹಗ್ಗ ಹಿಡಿದು ಸೇತುವೆಯ ಸಿಬ್ಬಂದಿ ಒಬ್ಬರು ಮೇಲೆ ನಿಂತಿರಬೇಕು. ಆವತ್ತಿನ ಪಾಳಿ ಯಾರದ್ದು ಅಂತ ನೀನೇ ಊಹಿಸು. ಅಪ್ಪ ನನ್ನ ಬೆಲ್ಟಿನ ಕೊಕ್ಕೆಯನ್ನ ಎರಡೆರಡು ಸಲ ಎಳೆದು ನೋಡಿದರು, “ಹುಷಾರು” ಅಂದರು, ಅಷ್ಟೇ. ಕಬ್ಬಿಣದ ಏಣಿ ಇಳಿದರೆ ಬೋರ್ಡಿನ ಬೆನ್ನಿಗೆ ಅಂಟಿಕೊಂಡ ಹಾಗೆ ಒಂದು ಕಿರಿದಾದ ಜಾಲರಿ ಕಟ್ಟೆ. ಪಾದದ ಕೆಳಗೆ ಜಾಲರಿಯ ತೂತಿನಲ್ಲೇ ನೀರು ಕಾಣುತ್ತೆ. ಮಧ್ಯಾಹ್ನದೊಳಗೆ ಕ್ಯಾಬಿನ್ ಕಡೆಯ ಬೋರ್ಡಿನ ಹಳೆ ಸಪ್ಲೈಗಳನ್ನ ಕಿತ್ತು ಹೊಸದನ್ನ ಕೂರಿಸಿದೆ. ಅಲ್ಲೇನೂ ವಿಶೇಷ ಇರಲಿಲ್ಲ. ಊಟದ ಹೊತ್ತಿಗೆ ಅಪ್ಪ ತಮ್ಮ ಡಬ್ಬಿಯಿಂದ ನನ್ನ ತಟ್ಟೆಗೆ ಹಾಕಿದರು, ನಾನು ನನ್ನದರಿಂದ ಅವರಿಗೆ ಹಾಕಿದೆ. ಎರಡೂ ಅಮ್ಮ ಮಾಡಿದ ಅದೇ ಊಟ. ಇಬ್ಬರಿಗೂ ಅದು ಗೊತ್ತಿತ್ತು.

ಊಟವಾದ ಮೇಲೆ ತಿರುವಿನ ಕಡೆಗೆ ಹೋದೆವು. ಆ ಬೋರ್ಡಿನ ಮುಖಕ್ಕೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತೆ. ಹಿಂದಿನ ಬಾಗಿಲು ತೆಗೆದಾಗ ಒಲೆಯ ಬಾಯಿ ತೆಗೆದ ಹಾಗಾಯಿತು. ಗಾಳಿ ಬೀಸೋ ಪುಟ್ಟ ಫ್ಯಾನ್ ಯಾವ ಕಾಲದಲ್ಲಿ ಸತ್ತಿತ್ತೋ, ಅದರ ರೆಕ್ಕೆಯ ಮೇಲೆ ಜೇಡ ಮನೆ ಕಟ್ಟಿತ್ತು. ಬಿಚ್ಚೋದಕ್ಕೆ ಮೊದಲು ಬೋರ್ಡು ಉರಿಯುತ್ತಿರುವಾಗಲೇ ಒಂದು ಸಲ ಅಳೆಯೋದು ನಮ್ಮ ಪದ್ಧತಿ, ಯಾವುದು ಹಾಳು ಯಾವುದು ಸರಿ ಅಂತ ಗೊತ್ತಾಗಲಿ ಅಂತ. ಮೀಟರ್ ತೆಗೆದೆ. ಆಗ ಕೇಳಿಸಿತು, ಟಿಕ್, ಟಿಕ್, ಟಿಕ್. ಹಲ್ಲಿ ಲೊಚಗುಟ್ಟಿದ ಹಾಗೆ. ಬಲಗಡೆ ಅಂಕೆಯ ಎರಡು ಸಪ್ಲೈಗಳಲ್ಲಿ ಒಂದು, ಬಿಸಿ ತಡೆಯಲಾರದೆ ತನ್ನನ್ನ ತಾನೇ ಆರಿಸಿಕೊಂಡು ಮತ್ತೆ ಹೊತ್ತಿಕೊಳ್ಳೋಕೆ ಒದ್ದಾಡ್ತಿತ್ತು. ಹಾಳಾದ ಸಪ್ಲೈ ಅಂದರೆ ನಮಗೆ ದಿನಾ ನೋಡೋ ಮುಖ. ಸುಮ್ಮನೆ, ಇದು ಯಾವ ಪಟ್ಟಿಗೆ ಹೋಗುತ್ತೆ ನೋಡೋಣ ಅಂತ ಅದರ ತಂತಿ ಹಿಡಿದು ಬೆರಳು ಓಡಿಸಿದೆ. ಎಡಗಡೆಯ ಎರಡು ಪಟ್ಟಿ. ಕೆಳಗಿನದು ಒಂದು. ಉಳಿದವೆಲ್ಲ ಇನ್ನೊಂದು ಸಪ್ಲೈಗೆ.

ಅಣ್ಣಾ, ತಂತಿ ಬಿಟ್ಟು ಅಲ್ಲೇ ಧೂಳಿನ ಮೇಲೆ ಬೆರಳಿನಿಂದ ಒಂದು ಸೊನ್ನೆ ಬರೆದೆ. ನೀನೂ ಒಂದು ಸೊನ್ನೆ ಬರಿ, ಚೌಕವಾಗಿ. ಅದರ ಎಡಗಡೆಯದನ್ನೂ ಕೆಳಗಿನದನ್ನೂ ಅಳಿಸು. ಏನು ಉಳಿಯುತ್ತೆ? ಏಳು. ಅಂದಗೇಡಿಯಾದ, ಮುರುಕು ಏಳಲ್ಲ. ಯಾರೂ ಸಂಶಯ ಪಡದಂಥ ನೀಟಾದ ಏಳು. ಬೇರೆ ಅಂಕೆಗಳಲ್ಲಿ ಈ ಪಟ್ಟಿಗಳು ಹೋದರೆ ಮುರಿದದ್ದು ಅಂತ ಮಗುವಿಗೂ ಗೊತ್ತಾಗುತ್ತೆ. ಒಂದಕ್ಕೂ ಏಳಕ್ಕೂ ಈ ಪಟ್ಟಿಗಳು ಬೇಕಾಗೇ ಇಲ್ಲ. ಸೊನ್ನೆ ಮಾತ್ರ ಏಳಿನ ವೇಷ ಹಾಕಿಕೊಂಡು ನಿಲ್ಲುತ್ತೆ.

“ಅಪ್ಪಾ, ಈಗ ಎಷ್ಟಿದೆ ಕೇಳಿ!” ಅಂತ ಕಿರುಚಿದೆ. ಅಪ್ಪ ವಾಕಿಟಾಕಿಯಲ್ಲಿ ಕ್ಯಾಬಿನಿನಲ್ಲಿ ಕೂತವನನ್ನ ಕೇಳಿದರು. ಅವನು ಆ ಕಡೆಯ ಹೊಸ ಸಪ್ಲೈ ಹಾಕಿದ ಬೋರ್ಡು ನೋಡಿ ಹೇಳಿದ್ದು ನನಗೂ ಕೇಳಿಸಿತು. ಮೂರು ಸೊನ್ನೆ. ಅದೇ ಹೊತ್ತಿಗೆ ತಿರುವಿನಲ್ಲಿ ಹಾರ್ನ್ ಆಯಿತು. ಉದ್ದಕ್ಕೆ ಒಂದು ಸಲ. ‘ನೋಡಿದೆ, ಬರ್ತಿದ್ದೇನೆ’ ಅನ್ನೋ ಹಾರ್ನ್. ನೀನು ಓಡಿಸ್ತಿದ್ದಂಥದ್ದೇ ಲಾಂಚು, ಮೇಲಿನ ಅಂತಸ್ತಿನ ತುಂಬ ಜನ, ಅರ್ಧಕ್ಕರ್ಧ ಮಕ್ಕಳು. ಎಷ್ಟೋ ಜನ ಮಾಡಿನ ಅಂಚಿನಾಚೆ ಕೈ ಎತ್ತಿ ಸೇತುವೆಯ ಹೊಟ್ಟೆ ಮುಟ್ಟೋಣ ಅಂತ ಎದ್ದು ನಿಂತಿದ್ದರು. ಪ್ರವಾಹ ಅವರನ್ನ ನಮ್ಮ ಕಡೆಗೇ ನೂಕುತ್ತಿತ್ತು.

ನಾನು ಯೋಚನೆ ಮಾಡಲಿಲ್ಲ. ಮೇನ್ ಸ್ವಿಚ್ ಹಿಡಿದು ಕೆಳಗೆ ಎಳೆದೆ. ಬೋರ್ಡು ಪೂರ್ತಿ ಆರಿತು. ಆರಿದ ಬೋರ್ಡಿನ ಕೆಳಗೆ ಯಾರೂ ನುಗ್ಗಬಾರದು ಅನ್ನೋದು ನಿಯಮ, ಅದು ನಿನಗೇ ಚೆನ್ನಾಗಿ ಗೊತ್ತು. ಆದರೆ ಆ ಡ್ರೈವರ್ ಒಂದು ಸಲ ನೋಡಿ ಆಗಿತ್ತು, ಈಗ ಅವನ ಕಣ್ಣು ಬೋರ್ಡಿನ ಮೇಲೆ ಇಲ್ಲದಿದ್ದರೆ? “ಅಪ್ಪಾ, ಕೆಂಪು ಬಾವುಟ! ಅವನಿಗೆ ಏಳು ಕಂಡಿದೆ!” ಅಂದೆ. ಮೇಲೆ ಹಗ್ಗ ಸಡಿಲವಾಯಿತು. ನಿಯಮ ಬಿಟ್ಟು ಒಂದು ಹೆಜ್ಜೆ ಇಡದ ಮನುಷ್ಯ ನನ್ನ ಹಗ್ಗವನ್ನ ಕಂಬಕ್ಕೆ ಕಟ್ಟಿ ಓಡಿದರು. ನನಗೆ ಕಾಣ್ತಿರಲಿಲ್ಲ, ತಲೆಯ ಮೇಲಿನ ತಗಡಿನಲ್ಲಿ ಅವರ ಬೂಟಿನ ಸದ್ದು ಮಾತ್ರ. ಒಂದು ಕಡೆ ದೊಪ್ಪನೆ ಬಿದ್ದ ಸದ್ದು, ಮತ್ತೆ ಎದ್ದು ಓಡಿದ ಸದ್ದು. ಆಮೇಲೆ ಅವರ ಗಂಟಲು. ಅಪ್ಪ ಅಷ್ಟು ಜೋರಾಗಿ ಕೂಗಿದ್ದನ್ನ ನಾನು ಹುಟ್ಟಿದ ಮೇಲೆ ಕೇಳಿಲ್ಲ. “ಹಿಂದೆ! ಹಿಂದೆ ತಗೋ! ಕೂತ್ಕೊಳ್ರೋ ಎಲ್ರೂ!”

ಎಂಜಿನ್ ಹಿಂದಕ್ಕೆ ತಿರುಗಿದ ಗುರುಗುರು ಕೇಳಿಸಿತು. ಕಪ್ಪು ಹೊಗೆ ಜಾಲರಿಯ ಕೆಳಗಿಂದ ಮೇಲೆ ಬಂತು. ಲಾಂಚಿನ ಮೂತಿ ಅಡ್ಡ ತಿರುಗಿ ಸೇತುವೆಯ ಕಲ್ಲುಕಂಬಕ್ಕೆ ತಾಗಿತು, ಮೆಲ್ಲಗೆ, ಮರಕ್ಕೆ ಮರ ಉಜ್ಜಿದ ಹಾಗೆ. ಮೇಲಿನ ಅಂತಸ್ತಿನ ಕಬ್ಬಿಣದ ಮಾಡು ನನ್ನ ಪಾದಕ್ಕಿಂತ ಎತ್ತರದಲ್ಲಿತ್ತು. ಒಬ್ಬಳು ಪುಟ್ಟ ಹುಡುಗಿ, ತಲೆ ತಗ್ಗಿಸಿ ಕೂತವಳು ಕತ್ತು ಹೊರಳಿಸಿ ನನ್ನನ್ನೇ ನೋಡ್ತಿದ್ದಳು. ಕೈಚಾಚಿದ್ದರೆ ಅವಳ ಜಡೆ ಸಿಗುತ್ತಿತ್ತು. ಆಮೇಲೆ ಲಾಂಚು ನಿಧಾನವಾಗಿ ಹಿಂದೆ ಸರಿಯಿತು. ನಾನು ಅಲ್ಲೇ ಜಾಲರಿಯ ಮೇಲೆ ಕೂತೆ.

ಡ್ರೈವರ್ ಹೊರಗೆ ಬಂದು ಬೈಯೋಕೆ ಶುರುಮಾಡಿದ. ಅವನು ಬೇರೆ ಊರಿಂದ ಬಂದವನು, ನಮ್ಮ ಮನೆಯ ಕಥೆ ಅವನಿಗೇನು ಗೊತ್ತು! “ಮೂರು ಏಳು ಅಂತ ತೋರಿಸ್ತಿದ್ದ ಬೋರ್ಡನ್ನ ನಡುವೆ ಯಾಕ್ರೀ ಆರಿಸಿದ್ರಿ? ನಾನೇನು ಕುರುಡನಾ? ಕಣ್ಣಾರೆ ನೋಡೇ ಬಂದಿದ್ದು, ಮೂರು ಏಳು!” ನೀನು ವಿಚಾರಣೆಯಲ್ಲಿ ಹೇಳಿದ ಅದೇ ಮಾತು, ಹೆಚ್ಚು ಕಡಿಮೆ ಅದೇ ಸಿಟ್ಟು. ನಾನು ಏಣಿ ಹತ್ತಿ ಮೇಲೆ ಬಂದಾಗ ಅಪ್ಪ ಕಂಬಿಗೆ ಒರಗಿ ನಿಂತಿದ್ದರು. ಮೊಣಕಾಲಿನ ಹತ್ತಿರ ಪ್ಯಾಂಟು ಹರಿದು ರಕ್ತ ಬರ್ತಿತ್ತು. ಅದು ಅವರಿಗೆ ಗೊತ್ತೇ ಇರಲಿಲ್ಲ. “ಅವನು ಏನಂದ?” ಅಂತ ಕೇಳಿದರು. ಕೇಳಿಸಿತ್ತು ಅವರಿಗೆ. ಮತ್ತೊಂದು ಸಲ ಕೇಳಬೇಕಾಗಿತ್ತು, ಅಷ್ಟೇ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬಾವುಟ ಹಾರಿಸಿದ ಸುದ್ದಿ ಹೋಗಿ ಸೇತುವೆಯ ಎಂಜಿನಿಯರ್ ಮೇಡಂ ಬಂದರು. ನಿನ್ನ ವಿಚಾರಣೆಗೆ ಬೋರ್ಡಿನ ವರದಿ ಬರೆದವರು ಅವರೇ. ಗಟ್ಟಿ ಹೆಂಗಸು, ಆದರೆ ಮಾತು ಕೇಳ್ತಾರೆ. ಅವರೂ ನಾನೂ ಆ ಡ್ರೈವರೂ ತಿರುವಿನ ಕಡೆಯ ಮೆಟ್ಟಿಲ ಹತ್ತಿರ, ಬೋರ್ಡು ಎದುರಿಗೆ ಕಾಣೋ ಜಾಗದಲ್ಲಿ ನಿಂತೆವು. ಮೇಲಿಂದ ಅಪ್ಪ ಸ್ವಿಚ್ ಹಾಕಿಸಿದರು. ಬೋರ್ಡು ಹೊತ್ತಿತು. ಮೂರು ಸೊನ್ನೆ. ಒಂದು ಪಟ್ಟಿಯೂ ಬಿಡದೆ, ಪೂರ್ತಿಯಾಗಿ, ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು. ನಾನು ಆರಿಸಿದ್ದ ಹೊತ್ತಿನಲ್ಲಿ ಆ ಹಾಳು ಸಪ್ಲೈ ತಣ್ಣಗಾಗಿ ಸರಿಹೋಗಿತ್ತು! ಡ್ರೈವರಿನ ಮುಖ ನೋಡಬೇಕಿತ್ತು. ಬೈತಿದ್ದವನು ಬಾಯಿ ತೆರೆದು ಹಾಗೇ ನಿಂತ. ಆವತ್ತು ನಿನ್ನ ಮುಖ ಹೀಗೇ ಇದ್ದಿರಬೇಕು.

ಮೇಡಂ ನನ್ನನ್ನ ನೋಡಿ, ಮೆಲ್ಲಗೆ, “ನೀವು ಅವರ ತಂಗಿ ಅಲ್ವಾ?” ಅಂದರು. ಹೌದು ಅಂದೆ. ಯಾಕೆ ಕೇಳಿದರು ಅಂತ ಅರ್ಥವಾಯಿತು. ನಾನು ಆ ಪೆಟ್ಟಿಗೆಗೆ ಕೈ ಹಾಕಿ ಏಳು ತೋರಿಸಿದರೆ ಅದು ನಾನು ತೋರಿಸಿದ ಏಳಾಗುತ್ತೆ. ಬಿಚ್ಚಿ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿದರೆ ಅದು ತಣ್ಣಗೆ ಕೂತು ಚೆನ್ನಾಗೇ ಕೆಲಸ ಮಾಡುತ್ತೆ, ಮಾರನೇ ದಿನ ಬೆಳಗ್ಗೆ ಮಾಡಿದ ಹಾಗೆ. ಆದ್ದರಿಂದ ಓಡಿಹೋಗಿ ಬೋರ್ಡಿನ ಹಿಂದಿನ ಬಾಗಿಲು ಮುಚ್ಚಿ ಬೀಗ ಹಾಕಿ, ಕೀಲಿ ತಂದು ಅವರ ಕೈಗೇ ಕೊಟ್ಟೆ. “ಬಿಸಿಯಾಗಲಿ ಮೇಡಂ. ಮತ್ತೆ ತಾನಾಗೇ ಬರುತ್ತೆ. ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ” ಅಂದೆ. ಅವರು ನೀರನ್ನ ನೋಡಿದರು. ನಾನೂ ನೋಡಿದೆ. ನದಿ ಏರಿ ನಿಂತಿತ್ತು. ಏರಿದ ನೀರು ಸ್ವಲ್ಪ ಹೊತ್ತು ನಿಲ್ಲುತ್ತೆ, ಆಮೇಲೆ ಇಳಿಯುತ್ತೆ. ಇಳಿಯಿತು ಅಂದರೆ ಸೊನ್ನೆ ಹೋಗಿ ಒಂದು ಬರುತ್ತೆ, ಒಂದರಲ್ಲಿ ಈ ತಪ್ಪು ಕಾಣೋದೇ ಇಲ್ಲ. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ನಿನ್ನ ಲಾಂಚು ಹೊಡೆದ ಮೇಲೆ ಜನ ಓಡಿಬಂದು ಬೋರ್ಡು ನೋಡೋ ಹೊತ್ತಿಗೆ ಅಲ್ಲಿ ಮೂರು ಒಂದು ಇತ್ತು ಅಂತ ಎಲ್ಲರೂ ಹೇಳಿದ್ದರಲ್ಲ!

ಕಾದೆವು. ಹಿಂದೆ ಮುಂದೆ ದೋಣಿಗಳು ಸೇರಿಕೊಂಡು ಹಾರ್ನ್ ಹೊಡೀತಿದ್ದವು. ತಗ್ಗಾದ ದೋಣಿಗಳನ್ನಾದರೂ ಬಿಡಿ ಅಂತ ಕೂಗಾಟ. ಮೇಡಂ ಅವರ ಫೋನು ಒಂದೇ ಸಮನೆ ಬಡ್ಕೊಳ್ತಿತ್ತು. ಎತ್ತಿದಾಗಲೆಲ್ಲ ಅವರ ಮುಖ ಬಿಗಿಯಾಗ್ತಿತ್ತು. ಕೊನೆಗೆ ವಾಕಿಟಾಕಿಯಲ್ಲಿ, “ಬಾವುಟ ಇಳಿಸಿ, ದಾರಿ ಬಿಡಿ. ಸಪ್ಲೈ ಹೇಗೂ ಬದಲಾಯಿಸ್ತೀವಲ್ಲ” ಅಂದರು. ಬಾವುಟ ಇಳಿಯಲಿಲ್ಲ. ಮತ್ತೆ ಹೇಳಿದರು. ತಲೆ ಎತ್ತಿ ನೋಡಿದೆ. ಅಪ್ಪ ಸೇತುವೆಯ ನಡುವೆ ನಿಂತಿದ್ದರು. ಬಾವುಟದ ಕೋಲನ್ನ ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದರು. ಆಮೇಲೆ ಅವರ ಧ್ವನಿ ಬಂತು. “ಕ್ಷಮಿಸಿ ಮೇಡಂ. ಇದನ್ನ ನಾನು ಇಳಿಸೋದಿಲ್ಲ. ಬೇಕಾದ್ರೆ ನನ್ನನ್ನ ಕೆಲಸದಿಂದ ಇಳಿಸಿ.” ಅಣ್ಣಾ, ಮೇಲಿನವರು ಹೇಳಿದ್ದಕ್ಕೆ ಎದುರಾಗಿ ಅಪ್ಪ ಬಾಯಿ ಬಿಟ್ಟದ್ದು ನೀನು ನೋಡಿದ್ದೀಯಾ? ಮೇಡಂ ವಾಕಿಟಾಕಿ ಕೆಳಗಿಟ್ಟರು. ಫೋನು ಮತ್ತೆ ಬಡ್ಕೊಂಡಿತು. ಈ ಸಲ ಅದನ್ನ ಎತ್ತದೆ ಬ್ಯಾಗಿನೊಳಗೆ ಹಾಕಿದರು.

ಯಾವಾಗ ಬಂತು ಅಂತ ನನಗೆ ಗೊತ್ತಾಗಲಿಲ್ಲ. ಎವೆ ಇಕ್ಕದೆ ನೋಡ್ತಾ ಕಣ್ಣು ಉರಿ ಬಂದು ಒಂದು ಸಲ ಒರೆಸಿಕೊಂಡೆ. ಕೈ ತೆಗೆದಾಗ ಡ್ರೈವರ್, “ಅಲ್ನೋಡಿ, ಅಲ್ನೋಡಿ” ಅಂತ ಮೇಡಂ ಅವರ ತೋಳನ್ನೇ ಹಿಡಿದು ಅಲ್ಲಾಡಿಸ್ತಿದ್ದ. ಮೂರು ಏಳು. ಮೇಡಂ ಕ್ಯಾಬಿನಿನವನನ್ನ ಕೇಳಿದರು, ಆ ಕಡೆ ಎಷ್ಟಿದೆ? ಮೂರು ಸೊನ್ನೆ. ಅವರು ಫೋನು ಹೊರಗೆ ತೆಗೆದು ಬೋರ್ಡಿನ ಫೋಟೋ ತೆಗೆದರು, ಮತ್ತೊಂದು ತೆಗೆದರು. ಆಮೇಲೆ ವಾಕಿಟಾಕಿಯಲ್ಲಿ ಅಪ್ಪನಿಗೆ, “ಬಾವುಟ ಅಲ್ಲೇ ಕಟ್ಟಿ ಕೆಳಗೆ ಬನ್ನಿ. ಬೇಗ ಬನ್ನಿ. ಇದನ್ನ ನೀವು ನೋಡ್ಬೇಕು” ಅಂದರು. ಆ ಮಾತಿಗಾಗಿ ಅವರಿಗೆ ನಾನು ಜನ್ಮವಿಡೀ ಋಣಿ.

ಅಪ್ಪ ಕುಂಟುತ್ತಾ ಮೆಟ್ಟಿಲು ಇಳಿದರು. ನನಗೋ ನೀರು ಎಲ್ಲಿ ಇಳಿದುಬಿಡುತ್ತೋ ಅನ್ನೋ ತಳಮಳ. ಹೋಗಿ ಎಳೆದುಕೊಂಡು ಬರೋಣ ಅನ್ನಿಸಿತು, ಆದರೆ ಮೇಡಂ ಪಕ್ಕ ಬಿಟ್ಟು ಕದಲೋ ಹಾಗಿರಲಿಲ್ಲ. ಅವರು ಬಂದು ನನ್ನ ಪಕ್ಕ ನಿಂತು, ಕೈ ಹಣೆಗೆ ಅಡ್ಡ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ಅವರು ನೋಡ್ತಿದ್ದ ಹಾಗೇ ಅಂಕೆ ಬದಲಾಗಿ ಮೂರು ಒಂದು ಬಂತು, ಎಲ್ಲ ಸರಿಯಾಗೇ ಇದೆ ಅನ್ನೋ ಹಾಗೆ. ಅಪ್ಪ ಹಗ್ಗ ಕಟ್ಟೋ ಗೂಟದ ಮೇಲೆ ಕುಸಿದು ಕೂತರು. “ಅವನಿಗೆ ಏಳೇ ಕಂಡಿತ್ತು” ಅಂದರು. ಆಮೇಲೆ, ಯಾರಿಗೂ ಅಲ್ಲದ ಹಾಗೆ, “ನನಗೂ ಸೊನ್ನೆಯೇ ಕಂಡಿತ್ತು” ಅಂದರು. ಮೇಡಂ ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತು, “ಎರಡು ಬೋರ್ಡನ್ನೂ ಒಟ್ಟಿಗೆ, ಮಧ್ಯಾಹ್ನದ ಬಿಸಿಲಲ್ಲಿ ನೋಡ್ಬೇಕಾಗಿದ್ದವಳು ನಾನು. ವರದಿ ಬರೆದಿದ್ದೂ ನಾನು, ತಿದ್ದೋದೂ ನಾನೇ” ಅಂದರು.

ಸಂಜೆಯೊಳಗೆ ಆ ಬೋರ್ಡಿನ ಸಪ್ಲೈಗಳನ್ನೂ ಬದಲಾಯಿಸಿದೆ. ಬದಲಾಯಿಸಿದ್ದಷ್ಟೇ ಅಲ್ಲ, ಮೇಡಂ ಅವರನ್ನ ಕೇಳಿ ಎರಡು ಬೋರ್ಡಿನಲ್ಲೂ ತಂತಿ ಜೋಡಣೆಯನ್ನೇ ಬೇರೆ ಮಾಡಿದೆ. ಇನ್ನು ಮೇಲೆ ಒಂದು ಅಂಕೆಯ ಏಳೂ ಪಟ್ಟಿ ಒಂದೇ ಸಪ್ಲೈಗೆ. ಕೆಟ್ಟರೆ ಇಡೀ ಅಂಕೆ ಕತ್ತಲಾಗಲಿ, ಅರ್ಧ ಸತ್ಯ ಹೇಳೋದು ಬೇಡ. ಕಿತ್ತ ಸಪ್ಲೈಯನ್ನ ಮೇಡಂ ಅವರೇ ಪೆಟ್ಟಿಗೆಗೆ ಹಾಕಿ ಮೊಹರು ಮಾಡಿ ತೆಗೆದುಕೊಂಡು ಹೋದರು. ಶುಕ್ರವಾರ ನಮ್ಮ ಮನೆಗೇ ಬಂದಿದ್ದರು. ನಿನ್ನ ವಿಚಾರಣೆ ಮತ್ತೆ ತೆಗೀತಾರೆ, ನೀನು ಬಂದು ಒಂದು ಸಲ ಹೇಳಿಕೆ ಕೊಡಬೇಕು, ಲೈಸೆನ್ಸ್ ವಾಪಸ್ಸು ಬರೋದಕ್ಕೆ ಅಡ್ಡಿ ಕಾಣೋದಿಲ್ಲ ಅಂದರು. ಅಮ್ಮ ಅವರಿಗೆ ಚಹಾ ಕೊಟ್ಟಳು. ಸಕ್ಕರೆ ಬದಲು ಉಪ್ಪು ಹಾಕಿದ್ದಳು. ಪಾಪ, ಮೇಡಂ ಪೂರ್ತಿ ಕುಡಿದರು.

ಗುರುವಾರ ಮನೆಗೆ ಬರೋ ದಾರಿಯಲ್ಲಿ ಅಪ್ಪ ನೇರ ಬಿಸ್ಕತ್ತಿನ ಮನೆಗೆ ಹೋದರು. ನಾನು ಗೇಟಿನ ಹತ್ತಿರ ನಿಂತೆ. ಬಿಸ್ಕತ್ತಿನ ಆ ಕೈಯಲ್ಲಿ ಎರಡು ಬೆರಳು ಈಗಲೂ ಮಡಚೋದಿಲ್ಲ, ಆದರೂ ಅದೇ ಕೈಯಲ್ಲಿ ಪೊಟ್ಟಣ ಹಿಡಿದು ಬಿಸ್ಕತ್ತು ತಿನ್ನೋದು ಬಿಟ್ಟಿಲ್ಲ. ಅಪ್ಪ ಹೇಳಿದ್ದನ್ನ ಕೇಳಿ ಅವನು, “ನಾನು ಮೊದಲಿಂದ ಹೇಳ್ತಾನೇ ಇದ್ನಲ್ಲ ಚಿಕ್ಕಪ್ಪ, ಅವನು ಸುಮ್ಮನೆ ನುಗ್ಗಿಸೋನಲ್ಲ ಅಂತ” ಅಂದು ಅತ್ತುಬಿಟ್ಟ. ಅಪ್ಪ ಅವನ ಬೆನ್ನು ಸವರುತ್ತಾ ನಿಂತಿದ್ದರು. ನಮ್ಮ ಮುಂದೆ ಮಾತ್ರ ಅವರು ಅತ್ತಿಲ್ಲ. ಆದರೆ ಎರಡು ದಿನದಿಂದ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡ್ತಾರೆ, ಏನೋ ಹುಡುಕೋರ ಹಾಗೆ. ನಿನ್ನೆ ನಿನಗೆ ಫೋನ್ ಮಾಡಿ ಅಂದೆ. ಕೈಗೆ ತೆಗೆದುಕೊಂಡರು, ನಿನ್ನ ನಂಬರ್ ಒತ್ತಿದರು, ಎರಡು ರಿಂಗಿಗೆ ಮೊದಲೇ ಆರಿಸಿದರು. “ಫೋನಿನಲ್ಲಿ ಹೇಳೋ ಮಾತಲ್ಲ ಕಣೇ ಇದು” ಅಂದರು.

ನೀನು ಅವರನ್ನ ಕ್ಷಮಿಸು ಅಂತ ನಾನು ಬರೆಯೋದಿಲ್ಲ. ಅವರು ಸುಳ್ಳು ಹೇಳಿರಲಿಲ್ಲ, ನೀನೂ ಹೇಳಿರಲಿಲ್ಲ. ಆದರೂ ನಡುವೆ ಎರಡು ವರ್ಷ ಹೋಯಿತು. ಅದನ್ನ ಏನು ಮಾಡೋದು ಅಂತ ನನಗೆ ಗೊತ್ತಿಲ್ಲ, ನೀನು ನನಗಿಂತ ದೊಡ್ಡವನು, ನೀನೇ ಯೋಚನೆ ಮಾಡು. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಭಾರ ಎತ್ತಬೇಡ. ಅಮ್ಮ ನಿನ್ನ ತಲೆ ಸವರಿದ್ದಾಳೆ ಅಂತ ಬರೆಯೋಕೆ ಹೇಳಿದಳು, ಈ ಸಲ ಸೂಜಿ ತೆಗೆದು ಸ್ಪಷ್ಟವಾಗಿ ಹೇಳಿದಳು. ಬಿಸ್ಕತ್ತು ನಿನ್ನನ್ನ ಕೇಳಿದ ಅಂತ ತಿಳಿಸು ಅಂದ.

ನಿನ್ನ ಪ್ರೀತಿಯ ತಂಗಿ,
(ನೀನೇ ಇಟ್ಟ ಹೆಸರು) ಫ್ಯೂಸು

ತಾ. ಕ.: ಅಂಚೆಗೆ ಹಾಕೋಕೆ ಅಂತ ಕವರ್ ಹುಡುಕ್ತಿದ್ದೆ. ಅಪ್ಪ ಒಗೆದ ಶರ್ಟು ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. “ಅಂಚೆ ಬೇಡ, ಇಲ್ಲಿ ಕೊಡು, ನಾನೇ ಹೋಗ್ತಿದೀನಿ” ಅಂತಾರೆ. ಅಮ್ಮ ಬ್ಯಾಗಿಗೆ ಏನೇನೋ ತುರುಕ್ತಿದ್ದಾಳೆ, ಬಸ್ಸಿಗೆ ಹೊತ್ತಾಯಿತು, ಬೇಗ ಬರೀತಿದ್ದೇನೆ. ಇದರಲ್ಲಿ ಏನಿದೆ ಅಂತ ಅವರು ಕೇಳಲಿಲ್ಲ, ಓದಿಯೂ ಇಲ್ಲ. ನೀನು ಬಾಗಿಲು ತೆಗೆದಾಗ ಅವರು ಬಾಯಲ್ಲಿ ಏನೂ ಹೇಳೋದಿಲ್ಲ, ಈ ಕಾಗದ ಚಾಚಿ ನಿಲ್ತಾರೆ, ನನಗೆ ಗೊತ್ತು. ಅಂದರೆ ಅಣ್ಣಾ, ನೀನು ಇಷ್ಟುದ್ದ ಓದೋವರೆಗೂ ಅವರು ನಿನ್ನ ಎದುರಿಗೆ ನಿಂತೇ ಇದ್ದಾರೆ. ಒಳಗೆ ಕರೆದು ಕೂರಿಸು.